ಹೆದರುಪುಕ್ಕಲಿಯ ಅರ್ಜಿ

ನಾನು ಹೆದರುಪುಕ್ಕಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಹಲ್ಲಿಗೆ ಹೆದರುತ್ತೇನೆ. ನಮ್ಮ ಉರ್ವದ ಪೇಟೆಯ ತಿರುವಿನಲ್ಲಿ ಮಲಗುವ ಒಂಟಿಕೊಂಬಿನ ದನಕ್ಕೆ ಹೆದರಿ ಸುತ್ತುದಾರಿ ಹಿಡಿಯುತ್ತೇನೆ. ಹೊಳೆಯಲ್ಲಿ ದೋಣಿ ಸ್ವಲ್ಪ ಓಲಾಡಿದರೂ ಸಾಕು, ನೀರಿಗೂ ಹೆದರುತ್ತೇನೆ, ಅಂಬಿಗನಿಗೂ ಹೆದರುತ್ತೇನೆ. ಶಾಲೆಗೆ ಇನ್‌ಸ್ಪೆಕ್ಟರು ಬಂದು ಹೆಸರು ಕೇಳಿದಾಗ ಗಾಬರಿಯಲ್ಲಿ ಪಕ್ಕದವಳ ಹೆಸರು ಹೇಳಿದ್ದೆ.

ಇದನ್ನು ಯಾರೂ ತಿದ್ದಲಿಲ್ಲ. ನನ್ನ ಅಣ್ಣ ಒಮ್ಮೆ ನಾಯಿಗೆ ಹೆದರಿ ಓಡಿದಾಗ ಮನೆಯವರೆಲ್ಲ ತಿಂಗಳುಗಟ್ಟಲೆ ನಕ್ಕರು. ಅದೇ ನಾಯಿಗೆ ಹೆದರಿ ನಾನು ಓಡಿದೆ. ಅಜ್ಜಿ ಮನೆಗೆ ಬಂದವರಿಗೆಲ್ಲ, “ಹುಡುಗಿಗೆ ಒಳ್ಳೆ ಹೆದರಿಕೆ ಉಂಟು” ಎಂದು, ನನಗೆ ಹಾಡಲು ಬರುತ್ತದೆ ಎನ್ನುವ ಹಾಗೆ ಹೇಳಿದರು. ನಮ್ಮ ಶಾಲೆಯ ಪಂಡಿತರು ಇದಕ್ಕೆ ಶಾಸ್ತ್ರಾಧಾರವನ್ನೂ ಕೊಟ್ಟರು. ಸಂಸ್ಕೃತದಲ್ಲಿ ‘ಭೀರು’ ಎಂದರೆ ಅಂಜುಬುರುಕ. ಕಾವ್ಯಗಳಲ್ಲಿ ನಾಯಕ ತನ್ನ ನಲ್ಲೆಯನ್ನು ಅದೇ ಮಾತಿನಿಂದ ಮುದ್ದಾಗಿ ಕರೆಯುತ್ತಾನಂತೆ. ಅದೇ ಮಾತಿನಿಂದ ಒಬ್ಬ ಗಂಡಸನ್ನು ಕರೆದು ನೋಡಿ, ಏನಾಗುತ್ತದೆ!

ಹೀಗೆ ಎಲ್ಲರ ಮೆಚ್ಚುಗೆಯಲ್ಲಿ ಹೆದರುತ್ತ ಬೆಳೆದ ನಾನು ಫೋರ್ತ್ ಫಾರಂನಲ್ಲಿ, ಅಂದರೆ ಈಗಿನ ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಅರ್ಜಿ ಬರೆದೆ. ಈ ಕಥೆ ಅದರದು. ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು.

ಅಪ್ಪ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರು, ಅಂದರೆ ಗುಮಾಸ್ತರು. ನಮ್ಮ ನೆರೆಯ ಕಮಲಕ್ಕನಿಗೆ ಅಲ್ಲೇ ಕೂಲಿ. ಅಚ್ಚಿನಿಂದ ಇಳಿದ ಹಸಿ ಹಂಚುಗಳನ್ನು ಹಲಗೆಯ ಮೇಲಿಟ್ಟು, ತಲೆಯಲ್ಲಿ ಹೊತ್ತು, ಒಣಗಿಸುವ ಚಪ್ಪರಕ್ಕೆ ಸಾಗಿಸುವುದು ಹೆಂಗಸರ ಕೆಲಸ. ಕಮಲಕ್ಕ ಹೆತ್ತು ಎರಡು ತಿಂಗಳಾಗಿತ್ತು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುವಳು. ಮಧ್ಯಾಹ್ನದ ಗಂಟೆ ಹೊಡೆದದ್ದೇ ಓಡಿಬಂದು ಹಾಲು ಕೊಟ್ಟು ಮತ್ತೆ ಓಡುವಳು. ಅಷ್ಟರಲ್ಲಿ ಹೊಸ ಮೇಸ್ತ್ರಿ ಬಂದ. ಹೆಂಗಸರು ಮಧ್ಯಾಹ್ನ ಗೇಟು ದಾಟಕೂಡದು ಎಂದು ಬೀಗ ಹಾಕಿಸಿದ. ಗಂಡಸರು ಮಾತ್ರ ಬೀಡಿ ಸೇದಲು ಹೊರಗೆ ಹೋಗಬಹುದಿತ್ತು. ಬೀಡಿಯ ಹಸಿವು ಮೇಸ್ತ್ರಿಗೆ ಅರ್ಥವಾಗುತ್ತಿತ್ತು.

ಒಂದು ಸಂಜೆ ಬಾವಿಕಟ್ಟೆಯಲ್ಲಿ ಕಮಲಕ್ಕ ನೀರು ಸೇದಲಾರದೆ ನಿಂತಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು. ಮಧ್ಯಾಹ್ನ ಮಣ್ಣಿನ ರಾಶಿಯ ಹಿಂದೆ ಕೂತು ಹಾಲನ್ನು ನೆಲಕ್ಕೆ ಹಿಂಡುತ್ತಿದ್ದಳಂತೆ. ಅವಳ ಜೊತೆಗಿದ್ದ, ಅಲ್ಲೇ ಹಂಚು ಹೊರುವ ಲೂಸಿಬಾಯಿಯದೂ ಇದೇ ಪಾಡು. ಅವಳ ಮಗು ಅಳುವುದನ್ನೂ ಬಿಟ್ಟಿತ್ತು.

“ಕಾರ್ಖಾನೆಯ ಧಣಿಗಳಿಗೆ ಒಂದು ಕಾಗದ ಬರೆದು ಕೊಡು ಮಾರಾಯ್ತಿ. ನಿನಗೆ ಅಕ್ಷರ ಬರ್ತದಲ್ಲ” ಎಂದಳು ಲೂಸಿಬಾಯಿ. (ಮಾತೆಲ್ಲ ತುಳುವಿನಲ್ಲೇ ನಡೆದದ್ದು, ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ.)

ನಾನು ಬೇಗ ಬೇಗ ಲೆಕ್ಕ ಹಾಕಿದೆ. ಆ ಕಾಗದ ಹೋಗುವುದು ಅಪ್ಪನ ಮೇಜಿಗೆ. ನನಗೆ ಅಕ್ಷರ ತಿದ್ದಿಸಿದವರೇ ಅಪ್ಪ. ಸಿಕ್ಕಿಬಿದ್ದರೆ ಅಪ್ಪನ ಕೆಲಸ ಹೋಗುತ್ತದೆ, ನನ್ನ ಶಾಲೆ ನಿಲ್ಲುತ್ತದೆ, ಅಮ್ಮ ಅಳುತ್ತಾಳೆ. ಪರೀಕ್ಷೆ ಉಂಟು ಎಂದೆ. ಶಾಯಿ ಮುಗಿದಿದೆ ಎಂದೆ. ಕಮಲಕ್ಕ ಬಾವಿಕಟ್ಟೆಗೆ ಒರಗಿ ಕಣ್ಣು ಮುಚ್ಚಿದಳು. ಅವಳು ಬೈದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಮರುದಿನ ಭಾನುವಾರ. ಕಮಲಕ್ಕನ ಮನೆಯ ಹಿಂದಿನ ಜಗಲಿಯಲ್ಲಿ ಬರೆಯಲು ಕೂತೆ. ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದು ನೋಡಿದೆ. ಹೊಳೆಬದಿಯ ಹೊಯಿಗೆಯ ಮೇಲೆ ಏಡಿ ನಡೆದ ಹಾಗೆ ಕಂಡಿತು. ಬಲಗೈಗೇ ಬಂದೆ. ‘ಶಿಶುಪೋಷಣಾರ್ಥವಾಗಿ ಅರ್ಧ ಗಂಟೆ’ ಎಂದು ಬರೆದು ಓದಿದಾಗ ಲೂಸಿಬಾಯಿ ಕೇಳಿದಳು, “ಅದೆಂತದು?”

“ಮಗುವಿಗೆ... ಅದೇ.”

“ಅದೇ ಎಂತ? ನಮಗೇ ಅರ್ಥ ಆಗದಿದ್ದರೆ ಧಣಿಗಳಿಗೆ ಹೇಗೆ ಆಗ್ತದೆ? ಎದೆ ಹಾಲು ಅಂತ ಬರಿ.”

ಗಂಡಸರು ಓದುವ ಕಾಗದದಲ್ಲಿ ಆ ಎರಡು ಮಾತು ಬರೆಯುವಾಗ ನನ್ನ ಕಿವಿ ಬಿಸಿಯಾಯಿತು. ಅರ್ಧ ಊರನ್ನು ಸಾಕಿದ ವಸ್ತುವಿನ ಹೆಸರು ಬರೆಯಲು ನನಗೆ ಏಕೆ ನಾಚಿಕೆಯಾಗಬೇಕು ಎಂದು ಆಗ ಹೊಳೆಯಲಿಲ್ಲ. ಕೆಳಗೆ ಹಂಚು ಹೊರುವ ಹದಿಮೂರು ಹೆಂಗಸರೂ ಹೆಬ್ಬೆಟ್ಟು ಒತ್ತಿದರು. ಒಂದರಲ್ಲೂ ಗೆರೆ ಮೂಡಲಿಲ್ಲ. ಹಂಚು ಹಿಡಿದು ಹಿಡಿದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹದಿಮೂರು ಕಪ್ಪು ಚುಕ್ಕೆಗಳು ಬಿದ್ದವು, ಅಷ್ಟೆ.

ಸೋಮವಾರ ಲೂಸಿಬಾಯಿ ಅರ್ಜಿಯನ್ನು ಧಣಿಗಳ ಕೈಗೇ ಕೊಟ್ಟಳು. ಆ ಸಂಜೆ ಅಪ್ಪನ ಚಪ್ಪಲಿಯ ಸದ್ದು ಕೇಳಿದಾಗ ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಅಪ್ಪ ಮಾತಾಡಲಿಲ್ಲ. ಮಂಗಳವಾರವೂ ಮಾತಾಡಲಿಲ್ಲ. ಅವರು ಕೆಮ್ಮಿದರೆ ನನ್ನ ಎದೆ ಹಾರುತ್ತಿತ್ತು. ಕೆಮ್ಮದಿದ್ದರೆ ಇನ್ನೂ ಹೆಚ್ಚು ಹಾರುತ್ತಿತ್ತು.

ಬುಧವಾರ ಕರೆದು ಎದುರಿಗೆ ನಿಲ್ಲಿಸಿಕೊಂಡರು. “ಧಣಿಗಳು ಅದನ್ನು ನನ್ನಿಂದಲೇ ಓದಿಸಿದ್ರು. ಮೇಸ್ತ್ರಿಯ ಎದುರು, ಗಟ್ಟಿಯಾಗಿ. ಮೊದಲನೇ ಸಾಲಿನಲ್ಲೇ ನನಗೆ ಗೊತ್ತಾಯ್ತು.”

ನಾನು ಬಾಗಿಲ ಕಡೆ ಸರಿದೆ.

“ಯಾರ ಅಕ್ಷರ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಆ ಮೇಜಿನ ಮುಂದೆ ನಾನು ಸುಳ್ಳು ಹೇಳಿದ್ದು ಅದೇ ಮೊದಲು.” ಅವರ ದನಿ ನಡುಗುತ್ತಿತ್ತು. ಸಿಟ್ಟು ಅಂದುಕೊಂಡೆ. ಆಮೇಲೆ ಮುಖ ನೋಡಿದರೆ, ಅದು ಸಿಟ್ಟಲ್ಲ, ನನ್ನದೇ ಜಾತಿಯ ಹೆದರಿಕೆ. “ನಿನಗೆ ಹೆದರಿಕೆ ಅನ್ನುವುದು ಇಲ್ಲವಾ?”

“ಉಂಟು ಅಪ್ಪ. ತುಂಬ ಉಂಟು.”

“ಮತ್ತೆ ಎಂತಕ್ಕೆ ಬರೆದದ್ದು?”

ಇನ್ನು ಪೆನ್ನು ಮುಟ್ಟಿದರೆ ನೋಡು ಎಂದು ಅಪ್ಪ ಎದ್ದುಹೋದರು.

ಅಷ್ಟಕ್ಕೆ ಮುಗಿಯಲಿಲ್ಲ. ಬರೆದವರ ಹೆಸರು ಹೇಳುವ ತನಕ ಕಮಲಕ್ಕ, ಲೂಸಿಬಾಯಿ ಗೇಟಿನ ಒಳಗೆ ಬರಕೂಡದು ಎಂದು ಗುರುವಾರ ಮೇಸ್ತ್ರಿ ತಡೆದ. ಇಬ್ಬರೂ ಬಾಯಿ ಬಿಡಲಿಲ್ಲ. ಅಂದು ಸಂಜೆ ಕಮಲಕ್ಕ ಬಾವಿಕಟ್ಟೆಯಲ್ಲಿ ನನ್ನನ್ನು ಕಂಡು ಎಂದಿನಂತೆ ನಕ್ಕಳು. ಆ ನಗೆಯಿಂದ ನನಗಾದ ಭಯ ಯಾವ ದನದಿಂದಲೂ ಆಗಿರಲಿಲ್ಲ.

ಶುಕ್ರವಾರ ಶಾಲೆಯ ದಾರಿ ಬಿಟ್ಟು ಕಾರ್ಖಾನೆಯ ದಾರಿ ಹಿಡಿದೆ. ಗೇಟಿನ ಹೊರಗೆ ಹದಿಮೂರು ಹೆಂಗಸರೂ ಕೂತಿದ್ದರು. ಕೆಲವರ ಮಡಿಲಲ್ಲಿ ಮಕ್ಕಳು. ಆ ಇಬ್ಬರನ್ನು ಒಳಗೆ ಬಿಡದಿದ್ದರೆ ತಾವು ಯಾರೂ ಹೋಗುವುದಿಲ್ಲವೆಂದು ತೀರ್ಮಾನವಾಗಿತ್ತು. ಮೇಸ್ತ್ರಿ ಬೆತ್ತ ಹಿಡಿದು ಗೇಟಿಗೆ ಅಡ್ಡ ನಿಂತಿದ್ದ. “ಆ ಅರ್ಜಿ ಬರೆದದ್ದು ನಾನು” ಎಂದೆ. ಅವನಿಗೆ ಕೇಳಿಸಲಿಲ್ಲ. “ಎಂತ?” ಎಂದು ಗದರಿದ. ಒಮ್ಮೆ ಹೇಳುವಷ್ಟು ಧೈರ್ಯವನ್ನು ಮಾತ್ರ ಮನೆಯಿಂದ ತಂದಿದ್ದವಳು ಎರಡನೇ ಸಲಕ್ಕೆ ಎಲ್ಲಿಂದ ತರಲಿ? ಹೇಗೋ ಕಿರುಚಿಬಿಟ್ಟೆ. ಕಚೇರಿಯ ಕಿಟಕಿಯಲ್ಲಿ ಅಪ್ಪನ ಮುಖ ಕಂಡಿತು.

“ಇವಳು ರೈಟರ ಮಗಳಲ್ವಾ?” ಎಂದ ಮೇಸ್ತ್ರಿ.

ಅಪ್ಪ ಹೊರಗೆ ಬಂದರು. ಏನೋ ದೊಡ್ಡ ಮಾತು ಆಡುತ್ತಾರೆಂದು ಎಲ್ಲರೂ ಕಾದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಹೌದು, ನನ್ನ ಮಗಳು” ಎಂದರು. ನನ್ನ ಕಡೆ ತಿರುಗಿ, “ಬಿಸಿಲಲ್ಲಿ ನಿಲ್ಲಬೇಡ, ಶಾಲೆಗೆ ಹೋಗು” ಎಂದರು. ನಾನು ಓಡಿದೆ. ಧೀರವನಿತೆಯ ಹಾಗೆ ನಡೆದೆ ಎಂದು ಬರೆಯಲು ಆಸೆ, ಆದರೆ ಓಡಿದೆ.

ಮುಂದಿನದು ಕಮಲಕ್ಕ ಹೇಳಿದ್ದು. ಅಚ್ಚಿನಿಂದ ಹಸಿ ಹಂಚು ಇಳಿಯುತ್ತಲೇ ಇತ್ತು, ಹೊರುವವರಿಲ್ಲ. ಗಂಡಸರು ಹೊರಲಿ ಎಂದು ಮೇಸ್ತ್ರಿ ಅಪ್ಪಣೆ ಮಾಡಿದ. ಗಂಡಸರು ಮೀಸೆ ಮುಟ್ಟಿಕೊಂಡರು. ತಲೆಹೊರೆ ಹೆಂಗಸರ ಕೆಲಸ, ನಾವು ಮಾಡುವುದೇ? ಹಂಚಿನ ಮೇಲೆ ಹಂಚು ಬಿದ್ದು, ಮುದ್ದೆಯಾಗಿ, ಯಂತ್ರ ನಿಂತಿತು. ಮಧ್ಯಾಹ್ನದ ಗಂಟೆಗೆ ಮುಂಚೆ ಧಣಿಗಳೇ ಬಂದು ಗೇಟು ತೆಗೆಸಿದರು. ಹಾಲೂಡಿಸುವ ತಾಯಂದಿರಿಗೆ ದಿನಾ ಅರ್ಧ ಗಂಟೆ ಬಿಡುವು ಎಂದರು. ನಮ್ಮನ್ನು ಕೀಳು ಎನ್ನುವವರ ಜಂಭವೂ ಒಮ್ಮೊಮ್ಮೆ ನಮ್ಮ ಉಪಕಾರಕ್ಕೆ ಬರುತ್ತದೆ.

ಅಪ್ಪನನ್ನು ಮಾತ್ರ ಮೇಜಿನಿಂದ ಎಬ್ಬಿಸಿ ಹಂಚಿನ ಗೋದಾಮಿಗೆ ಹಾಕಿದರು. ಸಂಜೆ ಅವರು ಕೆಂಪು ಧೂಳು ಮೆತ್ತಿಕೊಂಡು ಬರುವಾಗಲೆಲ್ಲ ಕೇಳುವ ಮೊದಲೇ ಕೈಕಾಲಿಗೆ ಬಿಸಿನೀರು ತಂದಿಡುತ್ತಿದ್ದೆ. ಅವರು ಬೈಯಲಿಲ್ಲ, ಶಾಲೆಯನ್ನೂ ಬಿಡಿಸಲಿಲ್ಲ. ಕಾವೂರಿನಿಂದ ಹೆಣ್ಣು ನೋಡಲು ಬರಬೇಕಿದ್ದವರು, ಹುಡುಗಿಗೆ ಹೆದರಿಕೆ ಇಲ್ಲವಂತೆ ಎಂದು ಹೇಳಿಕಳಿಸಿ ಬರಲೇ ಇಲ್ಲ. ಅಮ್ಮ ಅತ್ತಳು. ನಾನು ಹಲ್ಲಿ ಇದೆಯೇ ಎಂದು ನೋಡಿಕೊಂಡು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿ ನಕ್ಕೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ಕಾರ್ಖಾನೆಯ ನಾಲ್ವರು ಗಂಡಸರು ಅಂಗಳದಲ್ಲಿ ಬಂದು ನಿಂತರು. ಅವತ್ತು ಮೀಸೆ ಮುಟ್ಟಿಕೊಂಡವರೇ. ಮುಂಡಾಸು ಬಿಚ್ಚಿ, ಬಿಗಿದು, ಕೊನೆಗೆ ಒಬ್ಬ ಹೇಳಿದ, “ಅಕ್ಕ, ಹಂಚು ಸುಡುವ ಗೂಡಿನ ಹತ್ತಿರ ಬೆಂಕಿಯ ಕಾವು, ಕುಡಿಯಲಿಕ್ಕೆ ನೀರಿಲ್ಲ. ನಮಗೂ ಒಂದು ಬರೆದು ಕೊಡ್ತೀರಾ?”

ನಾನು ಅಪ್ಪನ ಮುಖ ನೋಡಿದೆ. ಅಪ್ಪ ತಮ್ಮ ಶಾಯಿಕುಡಿಕೆಯನ್ನು ನನ್ನ ಕಡೆ ಸರಿಸಿ, “ಈ ಸಲ ಕೆಳಗೆ ನಿನ್ನ ಹೆಸರನ್ನೂ ಹಾಕು. ಸುಳ್ಳು ಹೇಳುವ ಕಷ್ಟವಾದರೂ ತಪ್ಪುತ್ತದೆ” ಎಂದರು.

ನನ್ನ ಕೈ ಮೊದಲಿನಷ್ಟೇ ನಡುಗಿತು. ಅಂಗಳದಲ್ಲಿದ್ದವರು ನಾನು ಯೋಚನೆ ಮಾಡುತ್ತಿದ್ದೇನೆಂದು ತಿಳಿದು ಗೌರವದಿಂದ ಸುಮ್ಮನಿದ್ದರು. ಆ ದಿನ ನನಗೆ ಒಂದು ಸಂಗತಿ ಗೊತ್ತಾಯಿತು, ನನ್ನಂಥವರಿಗೆ ಉಪಯೋಗವಾದೀತು: ನಡುಗುವ ಕೈಯಲ್ಲೂ ಬರೆಯಬಹುದು. ಅಕ್ಷರ ಸ್ವಲ್ಪ ಓರೆಯಾಗುತ್ತದೆ, ಅಷ್ಟೆ, ಓದುವವರಿಗೇನೂ ತೊಂದರೆಯಿಲ್ಲ.