ಜೋಕಾಲಿ ಹಗ್ಗದ ಗೋಲು

ಯುರೋಪಿನ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್ ಮುಗಿದ ಮರುದಿನ ನಮ್ಮಲ್ಲಿ ರೊಟ್ಟಿ ಹಬ್ಬ. ನಾಳೆಯ ನಾಗರ ಪಂಚಮಿಗೆಂದು ನಾನು ಮುಂಡಗೋಡದಿಂದ ದಾಂಡೇಲಿಯ ತವರಿಗೆ ಬಂದಿದ್ದೆ. ಚೀಲ ಕೆಳಗಿಡುವಷ್ಟರಲ್ಲಿ ಅಣ್ಣನ ಮಗಳು ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತಳು. ಪಂದ್ಯ ಸಮಸಮ ಆಗಿ ಪೆನಾಲ್ಟಿಗೆ ಹೋಗಿತ್ತಂತೆ. ಗೋಲು ಹೊಡೆದವರನ್ನು ಆಕೆ ತೋರಿಸಲೇ ಇಲ್ಲ. ಗೋಲ್‌ಕೀಪರ್ ಹೆಣ್ಣುಮಗಳು ಜಿಗಿದು ಚೆಂಡು ತಡೆದದ್ದನ್ನೇ ಮತ್ತೆ ಮತ್ತೆ ತೋರಿಸಿದಳು.

"ಅತ್ತಿ, ಸಾಲ್ಯಾಗ ನಾನೂ ಗೋಲ್‌ಕೀಪರ್" ಎಂದಳು.

ಮನೆಯ ಜಗಳ ಆಗ ತಿಳಿಯಿತು. ಹುಡುಗಿಯರ ತಂಡದ ಆಯ್ಕೆ ಹಳಿಯಾಳದಲ್ಲಿತ್ತು. ಅಣ್ಣ ಫಾರ್ಮಿಗೆ ಸಹಿ ಹಾಕಲು ಒಪ್ಪಿರಲಿಲ್ಲ. ಅವನೇನು ಆಟ ಗೊತ್ತಿಲ್ಲದವನಲ್ಲ, ಹರೆಯದಲ್ಲಿ ತಾನೇ ಗೋಲ್‌ಕೀಪರ್ ಆಗಿದ್ದವನು.

"ಮೊಣಕಾಲ ಕೆತ್ತಿಸ್ಕೊಂಡ್ರ ನಾಳೆ ಹುಡುಗೀನ ನೋಡಾಕ ಯಾರ ಬರ್ತಾರ?" ಎಂದ ಅಣ್ಣ.

"ನಿನ್ನ ಮೊಣಕಾಲ ನೋಡಿ ವೈನಿ ಒಲ್ಲೆ ಅಂದ್ಳೇನು?" ಎಂದೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ತವರಲ್ಲೂ ಗೊತ್ತು, ಗಂಡನ ಮನೆಯಲ್ಲೂ ಗೊತ್ತು.

ಅಣ್ಣನಿಗೆ ರೇಗಿತು. "ನಾಳೆ ಐದು ಹೊಡಿತೇನಿ. ಮೂರು ತಡದ್ರ ಸಹಿ ಹಾಕ್ತೇನಿ, ಹೊರಗ ಹೋದದ್ದೂ ತಡದಂಗ ಲೆಕ್ಕ."

ಮರುದಿನ ಉಂಡಿ ತಿಂದು ಹಿತ್ತಲಿಗೆ ಇಳಿದೆವು. ಗೋಲಿನ ಕಂಬಗಳಿಗೆ ಎರಡು ಬಿದಿರು ತಂದ ಹುಡುಗಿ, ಕುಣಿ ತೋಡಲು ಹಾರೆ ಎತ್ತಿದ್ದೇ ತಡ, ಅವ್ವ ಓಡಿಬಂದಳು.

"ಪಂಚಮಿ ದಿನಾ ನೆಲಾ ಅಗೀತಾರೇನ? ನಾಗಪ್ಪಗ ತಾಗತೈತಿ."

ಅದಕ್ಕೆ ಎದುರಾಡುವಂತಿಲ್ಲ. ಪಂಚಮಿಗೆ ನಮ್ಮಲ್ಲಿ ಯಾರೂ ಮಣ್ಣು ಕೆದಕುವುದಿಲ್ಲ. ಅಣ್ಣ ಗೆದ್ದವನ ಹಾಗೆ ಮೀಸೆಯಲ್ಲೇ ನಕ್ಕ. ನನಗೆ ಮೈ ಉರಿಯಿತು. ಹುಣಸೆಮರದ ಉದ್ದ ಕೊಂಬೆಗೆ ನಮ್ಮ ಜೋಕಾಲಿ ಕಟ್ಟಿತ್ತು. ಅದರ ಮಣೆ ಬಿಚ್ಚಿ, ಎರಡೂ ಹಗ್ಗಗಳನ್ನು ದೂರ ಸರಿಸಿ, ತುದಿಗೆ ಒಂದೊಂದು ಇಟ್ಟಿಗೆ ಕಟ್ಟಿ ಇಳಿಬಿಟ್ಟೆ.

"ಇವ ನಿನ್ನ ಕಂಬ, ನಿಂದರು" ಎಂದೆ.

ಮೊದಲನೆಯದು ಒಳಗೆ ಹೋಯಿತು. ಎರಡು, ಮೂರನ್ನು ತಡೆದಳು. ನಾಲ್ಕನೆಯದನ್ನು ಬಿಟ್ಟಳು. ಐದನೆಯದು ಎಡಗಡೆಯ ಹಗ್ಗಕ್ಕೆ ತಾಗಿ ಅವಳ ಹಿಂದಕ್ಕೆ ಹಾರಿಹೋಯಿತು. ಕಂಬವಾಗಿದ್ದರೆ ತಿಳಿಯುತ್ತಿತ್ತು, ಹಗ್ಗ ತೂಗಾಡಿ ಒಳಗೋ ಹೊರಗೋ ತಿಳಿಯಲಿಲ್ಲ. ನಾನು ಮಾತ್ರ "ಹೊರಗ ಹೋತು" ಎಂದು ಕೂಗಿಬಿಟ್ಟೆ. ಅಣ್ಣನಿಗೂ ಸರಿಯಾಗಿ ಕಂಡಿರಲಿಲ್ಲ. ಮಗಳ ಮುಖ ನೋಡಿದ.

"ಇಲ್ಲಪ್ಪಾ, ಒಳಗಿಂದನ ಹೋತು" ಎಂದಳು.

ಹುಡುಗಿಯ ಕೆನ್ನೆಗೆ ಒಂದು ಬಿಡೋಣ ಅನ್ನಿಸಿತು ನನಗೆ. ತುಟಿ ಕಚ್ಚಿಕೊಂಡು ಅಲ್ಲೇ ನಿಂತಿದ್ದಳು, ಅಳಲಿಲ್ಲ. ಅಣ್ಣ ಚೆಂಡು ಎತ್ತಿಕೊಂಡು ಅವಳ ಹತ್ತಿರ ಹೋದ. ಬುದ್ಧಿ ಹೇಳುತ್ತಾನೆ ಅಂದುಕೊಂಡೆ.

"ಹಿಮ್ಮಡಿ ಊರಿ ನಿಂದರಬ್ಯಾಡ. ಮುಂದ ಬಾಗು, ಕೈ ಅಗಲ ಮಾಡು. ಇನ್ನೊಮ್ಮಿ ನೋಡೂಣು."

ಆರನೆಯದನ್ನು ಅವಳು ಎದೆಗವಚಿಕೊಂಡಳು. ಆಮೇಲೆ ಲೆಕ್ಕ ಇಟ್ಟವರಿಲ್ಲ. ಮಳೆ ಹನಿಯತೊಡಗಿದರೂ ಅಪ್ಪ ಮಗಳು ಒಳಗೆ ಬರಲಿಲ್ಲ. ಕೊನೆಗೆ ಅಣ್ಣ ಟವೆಲಿನಿಂದ ಅವಳ ತಲೆ ಒರೆಸುತ್ತ, "ಹಳಿಯಾಳಕ್ಕ ನಾನ ಕರಕೊಂಡ ಹೋಗ್ತೇನಿ. ಅಲ್ಲೂ ಹಿಂಗ ಖರೇನ ಹೇಳು" ಎಂದ.

ನನ್ನ ಕಣ್ಣು ತುಂಬಿತು. ಸುಳ್ಳು ಕೂಗಿದ್ದು ಯಾರು ಎಂಬ ಮಾತನ್ನು ಅವರಿಬ್ಬರೂ ಎತ್ತಲಿಲ್ಲ.

ಅವಳು ಆಯ್ಕೆಯಾದದ್ದನ್ನು ಅಣ್ಣ ದಾಂಡೇಲಿಗೆಲ್ಲ ಹೇಳಿಕೊಂಡು ಬಂದ. ಮುಂಡಗೋಡದಲ್ಲಿ ನಾನು ಕೇಳಿದವರಿಗೂ ಕೇಳದವರಿಗೂ ಹೇಳುವುದು ಅವಳು ಬಿಟ್ಟ ಆ ಐದನೆಯ ಗೋಲಿನ ಸುದ್ದಿ.