ಟಿಟ್ಟಿಭದ ನಾಲ್ಕು ಮೊಟ್ಟೆ

ರಾಮದುರ್ಗದಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ಅಲ್ಮಾಸ ಪ್ರಾಣಿಶಾಸ್ತ್ರದ ಪದವೀಧರೆ. ತಿಂಗಳಿಗೊಂದು ಭಾನುವಾರ ಅಂಗಡಿಗೆ ಬೀಗ ಹಾಕಿ, ಬಂದಷ್ಟು ಜನರನ್ನು ಕಟ್ಟಿಕೊಂಡು ತೊರಗಲ್ ಕೋಟೆಯ ಸುತ್ತ ನಿಸರ್ಗ ನಡಿಗೆಗೆ ಹೊರಡುತ್ತಾಳೆ. ಜನರನ್ನು ಕೂಡಿಸುವುದು, ಟೆಂಪೊ ಗೊತ್ತು ಮಾಡುವುದು, ಚುರುಮುರಿ, ಚಹಾ ಎಲ್ಲ ಔಷಧಿ ಅಂಗಡಿಯ ಸುಭಾಸನ ಪಾಲು. ಮೊದಲ ನಡಿಗೆಗೆ ಅವರಿಬ್ಬರನ್ನು ಬಿಟ್ಟರೆ ಯಾರೂ ಬಂದಿರಲಿಲ್ಲ. ಅಂದಿನಿಂದಲೂ ಕಟ್ಟಳೆ ಒಂದೇ: ನೋಡಬೇಕು, ಮುಟ್ಟಬಾರದು.

ಈ ಮೇ ತಿಂಗಳು ಕೋಟೆ ಗುಡ್ಡದ ಗರಸು ನೆಲದಲ್ಲಿ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟಿತ್ತು. ಗೂಡೆಂಬುದಿಲ್ಲ, ಕಲ್ಲುಹರಳಿನ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಅಲ್ಮಾಸ ಆ ಜಾಗವನ್ನು ಸುಭಾಸನಿಗೆ ಮಾತ್ರ ತೋರಿಸಿದ್ದಳು. ಬದುವಿನ ಮೇಲೆ ನಿಂತು, ದೂರದಿಂದಲೇ ದುರ್ಬೀನಿನಲ್ಲಿ ಜನರಿಗೆ ತೋರಿಸುವುದೆಂದು ಮಾತಾಗಿತ್ತು.

ಆ ಭಾನುವಾರ ಎಂದೂ ಬರದಷ್ಟು ಜನ. ಗುಡ್ಡ ಏರುವ ಮೊದಲೇ ಸುಭಾಸ ಹಾದಿಬದಿಯಲ್ಲಿ ನಿಂತು ಎಲ್ಲರನ್ನೂ ಕರೆದ. ಅವನ ಕಾಲ ಬಳಿಯೇ ಮೊಟ್ಟೆಗಳಿದ್ದವು. ಜನ ಬಾಗಿ ನೋಡಿದರು, ಮೊಬೈಲ್ ತೆಗೆದರು. ಪ್ರತಿ ನಡಿಗೆಗೂ ಬರುವ ಮುದುಕಿ ಬಾಯವ್ವ ಅಲ್ಮಾಸಳ ಕಣ್ಣಿನ ಚುರುಕನ್ನು ಹೊಗಳಿದ್ದೇ ಹೊಗಳಿದ್ದು.

ಅಲ್ಮಾಸ ಬಗ್ಗಿ ನೋಡಿದಳು. ಟಿಟ್ಟಿಭ ಮೊಟ್ಟೆಗಳ ಚೂಪು ತುದಿಗಳನ್ನು ಒಳಮುಖವಾಗಿ ಕೂಡಿಸಿಡುತ್ತದೆ. ಇಲ್ಲಿ ಚೂಪುಗಳು ಹೊರಕ್ಕಿದ್ದವು. ಗುಡ್ಡದ ಮೇಲೆ ಗರಸಿನ ಸುತ್ತ ಹಕ್ಕಿ ಒಂದೇ ಸಮನೆ ಕೂಗುತ್ತ ಹಾರುತ್ತಿತ್ತು.

ಸುಭಾಸನನ್ನು ಬದಿಗೆ ಕರೆದು ಕೇಳಿದಳು. ಅವನು ಮುಚ್ಚಿಡಲಿಲ್ಲ. ವಯಸ್ಸಾದವರು ಬದುವಿನ ತನಕ ಏರಲಾರರು, ಇರುವುದೂ ಒಂದೇ ದುರ್ಬೀನು. ನಸುಕಿನಲ್ಲೇ ಬಂದು ಕೆಳಗೆ ತಂದಿಟ್ಟೆನೆಂದ.

"ಮುಟ್ಟಿದ್ರ ಹಕ್ಕಿ ಮೊಟ್ಟಿ ಬಿಡ್ತೈತಿ ಅನ್ನೂದು ಸುಳ್ಳಂತ ನೀವ ಹೇಳಿದ್ರಲ್ಲ, ಅಕ್ಕಾರ. ನಿಮ್ಮ ಮಾತ ನಂಬೇ ತಂದಿಟ್ಟೇನಿ."

"ಮುಟ್ಟೂದಕ್ಕಷ್ಟ ಹೇಳಿದ್ದೆ. ಹಕ್ಕಿ ಹುಡುಕೂದು ಮೊಟ್ಟಿ ಅಲ್ಲ, ತಾ ಇಟ್ಟ ಜಾಗಾ, ಸುಭಾಸ."

ಅವಳು ಜನರ ಕಡೆ ತಿರುಗಿ, ಹಕ್ಕಿ ಇಟ್ಟದ್ದು ಇಲ್ಲಲ್ಲ, ಯಾರೋ ಎತ್ತಿ ತಂದಿದ್ದಾರೆ ಎಂದು ಇದ್ದದ್ದನ್ನು ಹೇಳಿದಳು. ಹೆಸರು ಹೇಳಲಿಲ್ಲ, ಅವನೇ ಹೇಳಿಯಾನು ಎಂದುಕೊಂಡಿದ್ದಳು.

ಬಾಯವ್ವನ ಮುಖ ಸಣ್ಣದಾಯಿತು. "ನಮಗ ಮುಟ್ಟಬ್ಯಾಡ್ರಿ ಅಂತಿ. ಮತ್ತ ನೀನ ಎತ್ತಿಟ್ಟಿ ಏನವಾ?"

ಅಲ್ಮಾಸ ಸುಭಾಸನನ್ನು ನೋಡಿದಳು. ಅವನು ಚಹಾದ ಕ್ಯಾನಿನ ಮುಚ್ಚಳ ತಿರುಗಿಸುವುದರಲ್ಲಿದ್ದ. ಮುಚ್ಚಳ ತೆರೆಯಿತು, ಲೋಟಗಳು ಹಂಚಿಹೋದವು.

ಅವಳು ಮೊಟ್ಟೆಗಳನ್ನು ಓಢಣಿಯಲ್ಲಿಟ್ಟುಕೊಂಡು ಒಬ್ಬಳೇ ಗುಡ್ಡವೇರಿದಳು. ಹಳೆಯ ತಗ್ಗಿನಲ್ಲಿ, ಚೂಪುಗಳನ್ನು ಒಳಕ್ಕೆ ಮಾಡಿ ಇಟ್ಟು, ಬದುವಿನಾಚೆ ಕುಳಿತಳು. ಬಿಸಿಲೇರುವಷ್ಟರಲ್ಲಿ ಹಕ್ಕಿ ಬಂದು ಕೂತಿತು. ಅದನ್ನು ಹೇಳಲು ಕೆಳಗಿಳಿದರೆ ಟೆಂಪೊ ಹೊರಟುಹೋಗಿತ್ತು.

ನಡಿಗೆ ನಿಂತಿಲ್ಲ. ಬಾಯವ್ವ ಬರುವುದನ್ನು ಬಿಟ್ಟಿದ್ದಾಳೆ. ಸುಭಾಸ ಈಗಲೂ ಚಹಾ ತರುತ್ತಾನೆ. ಮೊನ್ನೆ ಝೆರಾಕ್ಸ್ ಅಂಗಡಿಗೆ ಬಂದು, ಈ ಸಲ ಏನು ತೋರಿಸುತ್ತೀರಿ ಎಂದು ಎಂದಿನಂತೆ ಕೇಳಿದ. ಕೋಟೆಯ ಗೋಡೆಯ ಯಾವ ಬಿರುಕಿನಲ್ಲಿ ಗೂಬೆ ಮರಿ ಮಾಡಿದೆಯೆಂದು ಅಲ್ಮಾಸಳಿಗೆ ಗೊತ್ತಿತ್ತು.

"ಇನ್ನೂ ಏನೂ ನೋಡಿಲ್ಲ," ಎಂದು ಕಾಗದದ ಕಟ್ಟು ಬಿಚ್ಚಿದಳು.