ಎರಡು ನಾಲ್ಕಿಂಚುಗಳ ಮದುವೆ

ನಾನು ಗೆದ್ದ ಯುದ್ಧಗಳು ಕಡಿಮೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕುರ್ಚಿ ಸವೆಸಿದವನಿಗೆ ಗೆಲ್ಲಲು ಯುದ್ಧಗಳಾದರೂ ಎಲ್ಲಿ ಸಿಗುತ್ತವೆ? ಆದರೆ ಹೋದ ಭಾನುವಾರ ಬೆಳಿಗ್ಗೆ, ಚೆನ್ನೈನ ವಡಪಳನಿಯ ನಮ್ಮ ಮನೆಯ ಹಿಂದಿನ ಕಾರ್ ಶೆಡ್ಡಿನಲ್ಲಿ, ಮೆತ್ತನೆಯ ಹೋಸ್ ಒಂದನ್ನು ಗಟ್ಟಿ ಪಿವಿಸಿ ಪೈಪಿನ ತುದಿಗೆ ಏರಿಸಿ ನಿಂತಾಗ ಪಟ್ಟಾಭಿಷೇಕ ಮುಗಿಸಿಕೊಂಡ ರಾಜನ ಗತ್ತು ನನಗೆ ಬಂದುಬಿಟ್ಟಿತ್ತು. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಕ್ಕರಾಯಿತು.

ನಿವೃತ್ತರಾದ ಮೇಲೆ ಕೆಲವರು ಯಾತ್ರೆ ಹೋಗುತ್ತಾರೆ, ಕೆಲವರು ಸಿಕ್ಕವರಿಗೆಲ್ಲ ಬುದ್ಧಿ ಹೇಳುತ್ತಾರೆ. ನಾನು ಕಾರು ಮಾರಿ, ಖಾಲಿಯಾದ ಶೆಡ್ಡಿನಲ್ಲಿ ಮರಗೆಲಸಕ್ಕೆ ಇಳಿದೆ. ಒಂದು ಗರಗಸದ ಮೆಷಿನ್ನು, ಹಲಗೆ ಹೆರೆಯಲು ಇನ್ನೊಂದು ಮೆಷಿನ್ನು. ನಾನು ಮಾಡಿದ ಮೊದಲ ಸ್ಟೂಲಿಗೆ ಕಾಲು ನಾಲ್ಕಿದ್ದರೂ ನೆಲ ಮುಟ್ಟುತ್ತಿದ್ದದ್ದು ಮೂರೇ. ಕ್ರಮೇಣ ನಾಲ್ಕನೆಯದೂ ಇಳಿದು ಬಂತು. ಕೈಗೆ ಕಸುಬು ಹತ್ತಿತೆಂದು ನಾನು ಬೀಗುವ ಹೊತ್ತಿಗೆ ಮನೆಯೊಳಗೆ ಬೇರೊಂದು ಹತ್ತಿತ್ತು: ಧೂಳು. ಹೆರೆದ ಚಕ್ಕೆಯನ್ನು ಗುಡಿಸಿ ಎತ್ತಬಹುದು. ಗರಗಸದ ನುಣ್ಣನೆಯ ಹಿಟ್ಟು ಮಾತ್ರ ಬಿಡಿಸಿಕೊಳ್ಳಲಾಗದ ನೆಂಟ. ಅಡುಗೆಮನೆ, ಹಾಸಿಗೆ, ದೇವರ ಪಟದ ಗಾಜು, ಎಲ್ಲೆಲ್ಲೂ ಅದೇ.

ನನ್ನ ಹೆಂಡತಿ ಜಾನಕಿಗೆ ಮೊದಲು ಸೀನು ಬಂತು, ಆಮೇಲೆ ಕೆಮ್ಮು, ಕೊನೆಗೆ ಉಬ್ಬಸ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಅವಳನ್ನು ಬಿಟ್ಟು ನನ್ನ ಮುಖ ನೋಡಿದರು. "ಸಾರ್, ಮನೆಯಲ್ಲಿ ಯಾರು ಮರ ಕೊಯ್ಯೋದು?" ಎಂದು ಅವರು ಕೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಸಂತೋಷದ ಪುಡಿಯನ್ನು ಅವಳು ಉಸಿರಾಡುತ್ತಿದ್ದಳು. ಮನೆಗೆ ಬಂದ ಮೇಲೆ ಜಾನಕಿ ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು.

"ನವರಾತ್ರಿಗೆ ಗೊಂಬೆ ಕೂರಿಸೋದ್ರೊಳಗೆ ಈ ಧೂಳು ನಿಲ್ಲಬೇಕು. ನಿಲ್ಲಲ್ವಾ, ಶರಿ, ಮೆಷಿನ್ ಎಲ್ಲಾ ಕೊಟ್ಟುಬಿಡೋಣ," ಎಂದಳು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆಯವಳು. ಅವಳ ಬಾಯಲ್ಲಿ ಆ ತಮಿಳು 'ಶರಿ' ಬಂತೆಂದರೆ ಮೇಲ್ಮನವಿಗೆ ಅವಕಾಶವಿಲ್ಲ.

ಇದ್ದದ್ದು ಮೂರು ವಾರ. ಧೂಳು ಎಳೆದು ಚೀಲಕ್ಕೆ ತುಂಬುವ ಮೆಷಿನ್ನೊಂದನ್ನು ತರಿಸಿ ಶೆಡ್ಡಿನ ಹೊರಗೆ ನಿಲ್ಲಿಸಿದೆ. ಉಪಾಯ ಸರಳವಾಗಿತ್ತು. ಗೋಡೆಯುದ್ದಕ್ಕೂ ಪಿವಿಸಿ ಪೈಪು; ಎರಡು ತುದಿಯಲ್ಲೂ ಮೆತ್ತನೆಯ ಹೋಸು; ಒಂದು ಕಡೆ ಗರಗಸ, ಇನ್ನೊಂದು ಕಡೆ ಧೂಳಿನ ಮೆಷಿನ್ನು. ಹೋಸು ನಾಲ್ಕಿಂಚಿನದೆಂದು ಅದರ ಡಬ್ಬಿಯ ಮೇಲೇ ಅಚ್ಚಾಗಿತ್ತು. ಚೀಟಿಯಲ್ಲಿ "ನಾಲ್ಕು ಇಂಚು" ಎಂದು ಬರೆದುಕೊಂಡು ಪೈಪಿನಂಗಡಿಗಳ ಪೇಟೆಯಾದ ಪ್ಯಾರೀಸ್ ಕಾರ್ನರಿಗೆ ಹೋದೆ. ಹೋಸನ್ನೇ ಒಯ್ಯಬಹುದಿತ್ತು. ಆದರೆ ಮಾಜಿ ಆಫೀಸರೊಬ್ಬ ಹೆಬ್ಬಾವಿನಂಥದ್ದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದೇ? ಬರೆದು ದಾಖಲಾದದ್ದೇ ಸತ್ಯ ಎಂಬುದು ನಮ್ಮ ಕಚೇರಿಯವರ ಹಳೆಯ ರೋಗ.

ನಾಲ್ಕಿಂಚಿನ ಪೈಪು ಬಂತು, ಗೋಡೆಗೆ ಕೂತಿತು. ಹೋಸು ಹಿಡಿದು ಹತ್ತಿರ ಹೋದರೆ ಅದು ಪೈಪಿನ ಮೇಲೂ ಏರದು, ಒಳಗೂ ಇಳಿಯದು. ಹೋಸಿನ ನಾಲ್ಕಿಂಚು ಅದರ ಒಳಗಿನ ಅಳತೆ. ಪೈಪಿನ ನಾಲ್ಕಿಂಚು ಅಂಗಡಿಯವರ ರೂಢಿಯ ಹೆಸರು. ಹೊರಗಿಂದ ಅಳೆದರೆ ಅದಕ್ಕಿಂತ ಅರ್ಧ ಬೆರಳಗಲದಷ್ಟು ಹೆಚ್ಚು.

ಅಳತೆಯ ವಿಷಯದಲ್ಲಿ ನಮ್ಮವರು ಎಂದೂ ಹೀಗೆಯೇ. ಹೂವು ಮಾರುವವಳ ಮೊಳ ಅವಳ ಕೈಯಷ್ಟು ಉದ್ದ, ಕೊಳ್ಳುವವಳ ಮೊಳ ಇವಳ ಕೈಯಷ್ಟು. ನಮ್ಮಜ್ಜಿಯ ಪಾವು ಪಕ್ಕದ ಮನೆಯ ಪಾವಿಗಿಂತ ಒಂದು ಹಿಡಿ ದೊಡ್ಡದಿತ್ತು. ಹಾಗಾಗಿ ಪಕ್ಕದ ಮನೆಯವರ ಲೆಕ್ಕ ಕೇಳಿ ಮಾಡಿದ ನಮ್ಮ ಮನೆಯ ಪೊಂಗಲ್ ಯಾವಾಗಲೂ ಗಂಜಿಯ ಕಡೆಗೋ ಕಲ್ಲಿನ ಕಡೆಗೋ ವಾಲುತ್ತಿತ್ತು. ನನ್ನ ಸಮಸ್ಯೆಗೆ ಶಾಸ್ತ್ರಾಧಾರವೂ ಇದೆ ಎನಿಸಿತು. ಒಂದೇ ಗೋತ್ರದವರಿಗೆ ಮದುವೆ ಕೂಡದು ಎನ್ನುತ್ತಾರಲ್ಲ, ಈ ಎರಡು ನಾಲ್ಕಿಂಚುಗಳೂ ಸಗೋತ್ರದವು. ಹೆಸರು ಒಂದೇ ಆದದ್ದರಿಂದಲೇ ಸಂಬಂಧ ಕುದುರುತ್ತಿಲ್ಲ.

ಮಾರನೆಯ ದಿನ ಮಾನ ಮರ್ಯಾದೆ ಮನೆಯಲ್ಲಿಟ್ಟು, ಹೋಸನ್ನು ಹೆಗಲಿಗೇರಿಸಿ ಹೊರಟೆ. ಬೀದಿಯ ತಿರುವಿನಲ್ಲಿ ಆಟೋದವನು ತಲೆ ಹೊರಹಾಕಿ, "ಎನ್ನ ಸಾರ್, ಶೂಟಿಂಗಾ?" ಎಂದ. ವಡಪಳನಿಯ ಸ್ಟುಡಿಯೋಗಳ ಪಕ್ಕ ಬಾಳುವವನಿಗೆ ವಿಚಿತ್ರವಾಗಿ ಕಂಡದ್ದೆಲ್ಲ ಸಿನಿಮಾದ್ದೇ. ಹೌದೆಂದುಬಿಟ್ಟೆ. ಪ್ಯಾರೀಸ್ ಕಾರ್ನರಿನ ಅಂಗಡಿಯವನು ಹೋಸು ನೋಡಿ ಹಣೆ ಚಚ್ಚಿಕೊಂಡ. "ಇದೈ ಮುದಲ್ಲಯೇ ಕೊಂಡು ವಂದಿರುಕ್ಕಕ್ಕೂಡಾದಾ ಸಾರ್?" ಮೊದಲೇ ತರಬಾರದಿತ್ತೇ ಎಂದು ಬೈದು, ಇವೆರಡನ್ನೂ ಕೂಡಿಸುವ ತುಂಡು ತನ್ನಲ್ಲಿಲ್ಲ, ಈ ಬೀದಿಯಲ್ಲೇ ಇಲ್ಲ ಎಂದು ಕೈಯಾಡಿಸಿದ.

ಆಮೇಲಿನ ಎರಡು ವಾರ ನನ್ನ ಪರಾಕ್ರಮದ ಕಾಲ. ಹೋಸನ್ನು ಪೈಪಿಗೆ ಎದುರುಬದುರು ಹಿಡಿದು ಅಂಟುಪಟ್ಟಿ ಸುತ್ತಿದೆ. ಚೆನ್ನೈ ಸೆಕೆಗೆ ಅಂಟೆಲ್ಲ ಬೆವರಿ, ಮೆಷಿನ್ನು ಹಾಕಿದ ಕೂಡಲೇ ಹೋಸು ಕಳಚಿ ನನ್ನ ಮುಖಕ್ಕೇ ಹಿಟ್ಟು ಎರಚಿತು. ಹೋಸಿನ ಬಾಯನ್ನು ಬಿಸಿ ಮಾಡಿ ಹಿಗ್ಗಿಸಲು ಹೋದೆ. ಬಾಯಿ ಹಿಗ್ಗಿತು, ಇನ್ನಷ್ಟು ಹಿಗ್ಗಿತು, ಪಟ್ಟೆಂದು ಹರಿಯಿತು. ನವರಾತ್ರಿಗೆ ಆರು ದಿನ ಉಳಿದಿತ್ತು. ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿದಾಗಿತ್ತು. ಹಳೆಯ ಮೆಷಿನ್ನು ಕೊಳ್ಳುವವರ ನಂಬರನ್ನೂ ಗುಟ್ಟಾಗಿ ಬರೆದಿಟ್ಟುಕೊಂಡೆ.

ಹರಿದ ಹೋಸನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಲ ಮೆಟ್ಟಿಲಲ್ಲಿ ಕೂತಿದ್ದೆ. ಜಾನಕಿ ಸೆರಗನ್ನು ಮೂಗಿಗೆ ಒತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಮಾಡ್ತಿದೀರಿ?"

"ಇದರ ಬಾಯಿ ದೊಡ್ಡದು ಮಾಡ್ತಿದೀನಿ."

"ಅಯ್ಯೋ! ಬಳೆಗಾರ ಬಳೇನ ಎಳೆದು ದೊಡ್ಡದು ಮಾಡ್ತಾನಾ? ಕೈಯನ್ನ ತಾನೆ ಅಮುಕಿ ಸಣ್ಣ ಮಾಡೋದು! ಕೊಂಚ ಸೋಪ್ ಹಚ್ಚಿ, ಮೆಲ್ಲಗೆ ತಿರುಗಿಸ್ತಾ ಏರಿಸ್ತಾನೆ."

ಅಷ್ಟು ಹೇಳಿ, ಒಲೆಯ ಮೇಲೆ ಸಾರು ಉಕ್ಕುತ್ತಿದೆಯೆಂದು ಒಳಗೆ ಹೋದಳು. ನಾನು ಕೂತಲ್ಲೇ ಕೂತೆ. ಎರಡು ವಾರದಿಂದ ನಾನು ಬಳೆಯನ್ನು ಎಳೆಯುತ್ತಿದ್ದೆ. ಅಮುಕಬೇಕಾದ ಕೈ ಗೋಡೆಯ ಮೇಲೆ ಆರಾಮಾಗಿ ಒರಗಿತ್ತು.

ಭಾನುವಾರ ಬೆಳಗಾಗುತ್ತಲೇ ಪೈಪು ಬಿಚ್ಚಿದೆ. ಅದರ ತುದಿಯಲ್ಲಿ ಒಂದು ಗೇಣುದ್ದಕ್ಕೆ, ಎರಡು ಬೆರಳಗಲದ ಪಟ್ಟಿಯೊಂದನ್ನು ಕೊಯ್ದು ತೆಗೆದೆ. ಅಡುಗೆಯ ಪಾತ್ರೆಗೆ ಪ್ಲಾಸ್ಟಿಕ್ ತಾಗಿಸಿದರೆ ಬೇರೆ ಯುದ್ಧವಾದೀತೆಂದು ಹಳೆಯ ಸ್ನಾನದ ಹಂಡೆಯಲ್ಲಿ ನೀರು ಕುದಿಸಿ, ತುದಿಯನ್ನು ಅದರಲ್ಲಿ ಅದ್ದಿದೆ. ಗಟ್ಟಿ ಪೈಪು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಬಟ್ಟೆ ಸುತ್ತಿದ ಕೈಯಿಂದ ಅಮುಕಿ, ಸೀಳಿನ ಎರಡು ಅಂಚನ್ನೂ ಕೂಡಿಸಿ, ಒಳಗಿನಿಂದ ಒಂದು ತೇಪೆ ಇಟ್ಟು ಪಿವಿಸಿ ಗೋಂದು ಬಳಿದೆ. ಪೈಪಿನ ಮಣಿಕಟ್ಟು ಸಣ್ಣದಾಗಿತ್ತು. ಇನ್ನೊಂದು ತುದಿಗೂ ಅದೇ ಉಪಚಾರ. ಗೋಂದು ಒಣಗಿದ ಮೇಲೆ ಪೈಪನ್ನು ಮತ್ತೆ ಗೋಡೆಗೆ ಕೂರಿಸಿ, ತುದಿಗೆ ಸೋಪು ಸವರಿ, ಹೋಸಿನ ಹರಿದ ಬಾಯನ್ನು ಕತ್ತರಿಸಿ ಎಸೆದು, ಹೊಸ ಅಂಚನ್ನು ಮೆಲ್ಲಗೆ ತಿರುಗಿಸುತ್ತ ಏರಿಸಿದೆ. ಏರಿತು! ಒಂದು ಸುತ್ತು, ಎರಡು ಸುತ್ತು, ಬುಡದವರೆಗೂ ಏರಿ ಕೂತಿತು. ಮೇಲೊಂದು ಕ್ಲಾಂಪ್ ಬಿಗಿದೆ, ಆಚೆ ತುದಿಯ ಹೋಸಿಗೂ ಹಾಗೆಯೇ. ಜಗ್ಗಿ ನೋಡಿದೆ, ಜೋತು ನೋಡಿದೆ. ಅಲುಗಲಿಲ್ಲ.

ಧೂಳಿನ ಮೆಷಿನ್ನು ಹಾಕಿ, ಒಂದು ತೇಗದ ಹಲಗೆಯನ್ನು ಉದ್ದಕ್ಕೂ ಕೊಯ್ದೆ. ಹಿಟ್ಟು ಹುಟ್ಟಿದ ಕಡೆಯೇ ಮಾಯವಾಗಿ ಗೋಡೆಯ ಪೈಪಿನಲ್ಲಿ ಸರಸರನೆ ಓಡುವ ಸದ್ದು ಕೇಳಿತು. ಹೊರಗಿನ ಚೀಲ ಹೊಟ್ಟೆ ತುಂಬಿದ ಪುರೋಹಿತರಂತೆ ಉಬ್ಬಿತು. ಶೆಡ್ಡಿನಲ್ಲಿ ಒಬ್ಬನೇ ನಿಂತು ಚಪ್ಪಾಳೆ ಹೊಡೆದೆ. ಅರವತ್ತಮೂರರ ವಯಸ್ಸಿಗೆ ಅದು ಶೋಭೆಯಲ್ಲ, ಆದರೆ ಹೊಡೆದೆ.

ಚಪ್ಪಾಳೆಯ ಸದ್ದಿಗೋ ಏನೋ, ಜಾನಕಿ ಶೆಡ್ಡಿನ ಬಾಗಿಲಿಗೆ ಬಂದಳು. ಮೂಗಿನ ಮೇಲಿದ್ದ ಸೆರಗನ್ನು ಇಳಿಸಿ, ಹೊಸ್ತಿಲು ದಾಟಿ ಒಳಗೆ ಬಂದಳು. ನಾನು ಉಸಿರು ಬಿಗಿಹಿಡಿದೆ. ಅವಳು ಉದ್ದಕ್ಕೆ ಎಳೆದುಕೊಂಡಳು.

"ಇದೇನ್ರೀ ವಾಸನೆ?"

"ಗೋಂದು ಇರಬೇಕು, ಈಗ ಕಿಟಕಿ ತೆಗೀತೀನಿ..." ಎಂದು ಧಾವಿಸಿದೆ.

"ಅದಲ್ಲ. ಮರದ್ದು. ತೇಗಕ್ಕೆ ಇಷ್ಟು ಒಳ್ಳೆ ವಾಸನೆ ಇರತ್ತೇಂತ ನನಗೆ ಗೊತ್ತೇ ಇರ್ಲಿಲ್ಲ."

ಕಿಟಕಿಯ ಹತ್ತಿರವೇ ನಿಂತುಬಿಟ್ಟೆ. ಐದು ವರ್ಷದಿಂದ ಘಮವೆಲ್ಲ ನನ್ನ ಪಾಲಿಗೆ, ಹಿಟ್ಟೆಲ್ಲ ಅವಳ ಪಾಲಿಗೆ ಹೋಗಿತ್ತು. ಒಂದೇ ಸೂರಿನಡಿ ಬಾಳುತ್ತ ಒಂದೇ ಮರದಿಂದ ನಾವು ಪಡೆದದ್ದು ಇಷ್ಟು ಬೇರೆ ಬೇರೆ ಎಂದು ಅಂದೇ ತಿಳಿದದ್ದು.

ಅವಳು ಸ್ಟೂಲೆಳೆದುಕೊಂಡು ಕೂತಳು. "ಸುಮ್ಮನೆ ಯಾಕೆ ನಿಂತಿದೀರಿ?" ಎಂದಳು. "ಇನ್ನೊಂದು ಹಲಗೆ ಕೊಯ್ಯಿರಿ."